ಬಂಡೆಯ ಸಂದಿನಲ್ಲಿ ಸಿಕ್ಕಿದ ಕೈ

ಮನೆಯಿಂದ, ಮಂಗಳವಾರ ಸಂಜೆ

ಪ್ರೀತಿಯ ನಮ್ಮನೆಯವಳೇ,

ನಿನ್ನ ಸೊಂಟನೋವು ಹೇಗಿದೆ? ನಿಮ್ಮಕ್ಕ ಎದ್ದು ಓಡಾಡುವಂತಾದರೇ? ಅವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ಊಟ ಬಿಡಬೇಡ. ಇಲ್ಲಿ ನನ್ನ ಅಡುಗೆಯನ್ನು ಬೆಕ್ಕು ಕೂಡ ಮೂಸಿ ನೋಡಿ ಹೊರಟುಹೋಗುತ್ತದೆ.

ಒಂದು ವಿಷಯ ಫೋನಿನಲ್ಲಿ ಹೇಳಲು ಹೋಗಿ, ಬೆಕ್ಕಿನ ಸುದ್ದಿ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ಸಮುದ್ರದ ನೀರು ಇಳಿದಾಗ ಎಂದಿನಂತೆ ಏಡಿ ಹಿಡಿಯಲು ಬಂಡೆಗಳ ಕಡೆ ಹೊರಟೆ. ನಮ್ಮ ಗುಬ್ಬಿಗೆ ಕೆಲಸಕ್ಕೆ ರಜೆ, ತಾನೂ ಬರುತ್ತೇನೆಂದು ಹಟ ಹಿಡಿದಳು. ಇಷ್ಟು ಬೆಳೆದ ಮಗಳಿಗೆ ಬೇಡವೆನ್ನಲು ನನಗೆಲ್ಲಿ ಬರುತ್ತದೆ? ಏಡಿ ಎಳೆಯುವ ಕೊಕ್ಕೆ ನನ್ನ ಕೈಯಲ್ಲಿತ್ತು. ತಗ್ಗಿನ ಸಂದೊಂದರಲ್ಲಿ ದೊಡ್ಡ ಏಡಿ ಕಂಡದ್ದೇ ತಡ, ಅವಳು ಬರಿಗೈ ಹಾಕಿಬಿಟ್ಟಳು. ಅದು ಬೆರಳುಗಳನ್ನು ಕಚ್ಚಿ ಹಿಡಿದು, ಕಾಲುಗಳನ್ನು ಕಲ್ಲಿಗೆ ಒತ್ತಿಕೊಂಡು ಕೂತುಬಿಟ್ಟಿತು. ನಾನು ಅವಳ ತೋಳು ಹಿಡಿದು ಎಳೆದೆ. ಎಳೆದಷ್ಟೂ ಬಿಗಿಯಾಯಿತು. ಕೊಕ್ಕೆ ಒಳಗೆ ತೂರಲಿಲ್ಲ. ಅಷ್ಟರಲ್ಲಿ ನೀರು ಏರತೊಡಗಿ, ಬಗ್ಗಿ ಕೂತಿದ್ದ ಅವಳ ಸೊಂಟ ಮುಟ್ಟಿತು. ಕೂಗಿದರೆ ಕೇಳುವವರಾರೂ ಇರಲಿಲ್ಲ.

ಕಲ್ಲೆತ್ತಿ ಸಂದನ್ನು ಚಚ್ಚಲು ಹೋದಾಗ ಅವಳೇ ತಡೆದಳು. "ಎಳೀಬೇಡಪ್ಪಾ. ಸುಮ್ನೆ ನನ್ನ ಹಿಡ್ಕೊಂಡಿರು. ಅಲ್ಲಾಡದೆ ಇದ್ರೆ ಅದೇ ಬಿಡತ್ತೆ," ಎಂದಳು. ಚಿಕ್ಕಂದಿನಲ್ಲಿ ಅವಳಿಗೆ ಇದನ್ನು ಹೇಳಿಕೊಟ್ಟವನು ನಾನೇ. ಭಯದಲ್ಲಿ ಒಂದೂ ನೆನಪಿಗೆ ಬಂದಿರಲಿಲ್ಲ. ಆದರೆ ಮಗಳು ಮುಳುಗುತ್ತಿರುವಾಗ ಸುಮ್ಮನಿರುವುದು ಹೇಗೆ ಹೇಳು? ಹಿಂದಿನಿಂದ ಅವಳನ್ನು ಅಪ್ಪಿ ಹಿಡಿದೆ. ಅವಳ ಎದೆ ಹೊಡೆದುಕೊಳ್ಳುವುದು ನನ್ನ ಕೈಗೆ ತಿಳಿಯುತ್ತಿತ್ತು. ನೀರು ಕುತ್ತಿಗೆಗೆ ಬಂತು. ಅವಳ ಗದ್ದ ಎತ್ತಿ ಹಿಡಿದೆ. ಇನ್ನೊಂದು ಅಲೆಗೆ ಬಾಯಿಯೂ ಮುಚ್ಚಿತು. ಆಗ ಏಡಿ ಹಿಡಿತ ಬಿಟ್ಟಿತು, ತೋಳು ಇದ್ದಕ್ಕಿದ್ದಂತೆ ಸಡಿಲವಾಗಿ ಹೊರಬಂತು. ಇಬ್ಬರೂ ತೆವಳಿಕೊಂಡು ದಡ ಸೇರಿದೆವು.

ಎರಡು ಬೆರಳು ಜಜ್ಜಿದ್ದವು. ಮೂಳೆ ಮುರಿದಿಲ್ಲವೆಂದು ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು. ಅವಳು ನಗುನಗುತ್ತಲೇ ಇದ್ದಾಳೆ. ನಾನು ಮಾತ್ರ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬಿದ್ದ ಸದ್ದಾದರೂ ಓಡಿಹೋಗಿ ನಲ್ಲಿ ನಿಲ್ಲಿಸುತ್ತೇನೆ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು. ನೀನೂ ಜೋಪಾನ.

ನಿನ್ನ ಪುಕ್ಕಲು ಗಂಡ

ತಾ.ಕ.: ಗುಬ್ಬಿ ಇವತ್ತು ನನ್ನ ಮಾತು ಕೇಳದೆ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಜಜ್ಜಿದ ಬೆರಳಿನ ತುದಿ ಪಟ್ಟಿಯ ಹೊರಗಿತ್ತಲ್ಲ, ಅದಕ್ಕೆ ಸೂಜಿ ಹೊಕ್ಕಿದೆ. ಬಟ್ಟೆಗೆ ರಕ್ತ ಹತ್ತುವವರೆಗೂ ಅವಳಿಗೆ ಗೊತ್ತೇ ಆಗಿಲ್ಲ. ನಿನಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಮುಂದಿನ ವಾರ ದೊಡ್ಡಾಸ್ಪತ್ರೆಗೆ ತೋರಿಸಬೇಕು. ನೀನು ಹೊರಟು ಬಾ. ಬೆರಳಿಗೆ ಸ್ಪರ್ಶ ಮರಳುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳುವಾಗ ನಾನೊಬ್ಬನೇ ಅಲ್ಲಿ ನಿಂತಿರಲಾರೆ.