ಸೀತೆಯ ಕಾಲಬುಡದ ಬೆಂಕಿ

ಮಾನ್ಯರೇ,

ಸಭಾಭವನದ ಗೋಡೆಯ ಮೇಲಿನ ನಮ್ಮ ಸೀತೆಗೆ ನೀವು ಬೆಂಕಿ ಹಚ್ಚಿಸಿದ್ದೀರಿ. ಅದನ್ನು ಆರಿಸಿ ಎಂದು ಕೇಳಲು ಈ ಪತ್ರ. ಕಚೇರಿಗೆ ಬಂದು ಕೈಮುಗಿದು ಹೇಳಿದ್ದಾಯಿತು, ತಮ್ಮ ಕಿವಿಗೆ ಬೀಳಲಿಲ್ಲ. ಈಗ ಊರಿನವರೆಲ್ಲರ ಎದುರು ಹೇಳುತ್ತಿದ್ದೇನೆ.

ತಾವು ಹೊರಗಿನಿಂದ ಬಂದವರು. ಮಿಥಿಲೆಯಲ್ಲಿ ಸೀತೆ ಮೊದಲು ಮನೆಮಗಳು, ದೇವಿಯಾದದ್ದು ಆಮೇಲೆ. ಅವಳ ಮದುವೆಯಾದ ಪಂಚಮಿಯಂದು ನಾವು ಹಾಡುತ್ತೇವೆ, ಆದರೆ ನಮ್ಮ ಹೆಣ್ಣುಮಕ್ಕಳ ಮದುವೆ ಮಾಡುವುದಿಲ್ಲ. ಆ ದಿನ ಒಬ್ಬಳನ್ನು ಧಾರೆಯೆರೆದು ಕಂಡದ್ದು ಸಾಕು. ಮದುವೆಮನೆಯ ಗೋಡೆಗೆ ಚಿತ್ರ ಬರೆಯುವಾಗಲೂ ಹಾರ ಹಾಕುವಲ್ಲಿಗೆ ಕೈ ನಿಲ್ಲಿಸುತ್ತೇವೆ. ಮುಂದಿನ ಕಥೆ ನಮಗೆ ಗೊತ್ತಿಲ್ಲವೆಂದಲ್ಲ. ತವರಿನವರು ಅದನ್ನು ಯಾವ ಕೈಯಿಂದ ಬರೆಯಬೇಕು?

ಸಭಾಭವನದ ಗೋಡೆಗೆ ರಾಮಾಯಣ ಬರೆಯಲು ತಾವು ನಮ್ಮನ್ನು ಕರೆಸಿದಾಗ ನನ್ನ ಓರಗಿತ್ತಿ ರಾಮಸಖಿ ಇದನ್ನೇ ತಮಗೆ ಹೇಳಿದ್ದಳು. "ಸಾಹೇಬ್ರೇ, ಹಾರ ಹಾಕೋವರೆಗೂ ಬರಿತೀನಿ. ಆಮೇಲಿಂದು ನನ್ ಕೈಲಾಗಲ್ಲ."

"ಅಷ್ಟಕ್ಕೇ ನಿಲ್ಸಿದ್ರೆ ಅದೆಂಥ ರಾಮಾಯಣನಮ್ಮಾ?" ಎಂದು ನಕ್ಕಿರಿ.

"ನಮ್ಮನೇದು," ಎಂದಳು. ತಾವು ಒಪ್ಪಿದಿರಿ.

ಬಿದಿರುಕಡ್ಡಿಗೆ ಹತ್ತಿ ಸುತ್ತಿ ಗೆರೆ ಎಳೆದವಳು ಅವಳು, ಬಣ್ಣ ತುಂಬಿದವಳು ನಾನು. ಕೊನೆಗೆ ಸೀತೆಯ ಗದ್ದದ ಮೇಲೆ ಒಂದು ಮಚ್ಚೆ ಇಟ್ಟಳು. ಅದು ಅವಳ ಮಗಳು ರುನಕಿಯದು. ಒಲೆಯಿಂದ ಸೀರೆಗೆ ಬೆಂಕಿ ಹತ್ತಿಕೊಂಡಿತು ಎಂದಿದ್ದರು ರುನಕಿಯ ಗಂಡನ ಮನೆಯವರು. ನಾವು ತಲುಪುವಷ್ಟರಲ್ಲಿ ಚಿತೆಯೂ ಆರಿತ್ತು, ಕೊನೆಗೊಮ್ಮೆ ಮುಖ ನೋಡಲೂ ಸಿಗಲಿಲ್ಲ. ಆ ಮುಖವನ್ನು ಗೋಡೆಯ ಮೇಲೆ ಕಂಡು ನನಗೆ ಅಳು ತಡೆಯಲಾಗಲಿಲ್ಲ. ರಾಮಸಖಿ ಮಾತ್ರ ಎಷ್ಟೋ ವರ್ಷಗಳ ಮೇಲೆ ನಕ್ಕಳು. "ಸುಮ್ನಿರೇ, ಮದುವಣಗಿತ್ತಿ ಮುಂದೆ ಯಾರಾದ್ರೂ ಅಳ್ತಾರಾ?"

ಉದ್ಘಾಟನೆಗೆ ಗಣ್ಯರು ಬರುತ್ತಾರೆ ಎಂದಾಗ, ಕಥೆ ಅರ್ಧಕ್ಕೆ ನಿಂತದ್ದು ತಮ್ಮ ಕಣ್ಣಿಗೆ ಚುಚ್ಚಿತು. ಪಟ್ಟಣದಿಂದ ಬೇರೊಬ್ಬ ಕಲಾವಿದನನ್ನು ಕರೆಸಿದಿರಿ. ಇನ್ನೊಬ್ಬ ಸೀತೆಯನ್ನು ಬರೆಯುವ ಶ್ರಮವೇಕೆಂದು ಆತ ನಮ್ಮವಳ ಕಾಲಬುಡದಲ್ಲೇ ಜ್ವಾಲೆ ಎಬ್ಬಿಸಿದ. ಕೈಯಲ್ಲಿ ಮದುವೆಯ ಹಾರ ಹಾಗೇ ಇದೆ, ಸೊಂಟದವರೆಗೆ ಬೆಂಕಿ. ಎಂಥ ಮಿತವ್ಯಯ! ಕೆಳಗೆ ಅಗ್ನಿಪರೀಕ್ಷೆ ಎಂದು ಹೆಸರು ಬೇರೆ. ಪರೀಕ್ಷೆಗೆ ನಿಲ್ಲಿಸಲು ಯಾವಾಗಲೂ ನಮ್ಮ ಮನೆಯ ಹೆಣ್ಣೇ ಬೇಕೆ ಸ್ವಾಮಿ?

ಉದ್ಘಾಟನೆಯಂದು ಸನ್ಮಾನಕ್ಕೆಂದು ಕರೆದು ರಾಮಸಖಿಗೆ ನಮ್ಮ ಕೆರೆಗಳ ಮಖಾನೆ ಅರಳಿನ ಮಾಲೆ ಹಾಕಿದಿರಿ. ಅವಳು ತಿರುಗಿ ಗೋಡೆ ನೋಡಿದಳು. ಮಾಲೆ ಸಮೇತ ಓಡಿಹೋಗಿ ಸೆರಗಿನಿಂದ ಆ ಬೆಂಕಿಯನ್ನು ಬಡಿಯತೊಡಗಿದಳು. "ಯಾರಾದ್ರೂ ನೀರು ತನ್ರೋ!"

ತಾವು ಹೇಳಿದ್ದು ನೆನಪಿದೆಯೇ? "ಗಾಬರಿ ಬೀಳ್ಬೇಡಮ್ಮಾ, ಬಣ್ಣ ಒಣಗಿದೆ. ಸೀರೆಗೆ ಅಂಟಲ್ಲ."

ಅಂದಿನಿಂದ ಅವಳು ದಿನಾ ಬೆಳಿಗ್ಗೆ ತಂಬಿಗೆಯಲ್ಲಿ ನೀರು ಹಿಡಿದು ತಮ್ಮ ಗೇಟಿನ ಮುಂದೆ ನಿಲ್ಲುತ್ತಾಳೆ. ಕಾವಲಿನವನು ಒಳಗೆ ಬಿಡುವುದಿಲ್ಲ. ನೀರಿಗೆ ಆ ಬಣ್ಣ ಹೋಗದೆಂದು ಅವಳಿಗೂ ಗೊತ್ತು.

ನಮಗೆ ಸನ್ಮಾನ ಬೇಡ. ಪಂಚಮಿ ಬರುವ ಮೊದಲು ಆ ಬೆಂಕಿಯ ಮೇಲೆ ಸುಣ್ಣ ಹೊಡೆಸಿ. ಅದು ಆಗದಿದ್ದರೆ ಗೇಟು ತೆಗೆಸಿ, ಸುಣ್ಣ ನಾವೇ ತರುತ್ತೇವೆ. ಸೀತೆಯನ್ನೂ ಸೇರಿಸಿ ಇಡೀ ಗೋಡೆಯನ್ನು ಬೆಳ್ಳಗೆ ಮಾಡಿ ಹೋಗುತ್ತೇವೆ. ಅವಳಿಲ್ಲದೆ ಬದುಕುವುದು ನಮಗೆ ಅಭ್ಯಾಸವಾಗಿದೆ. ಅವಳು ಉರಿಯುವುದನ್ನು ದಿನಾ ನೋಡಲಾರೆವು.

ಇಂತಿ,
ಹೆಣ್ಣಿನ ಕಡೆಯವಳು,
ರುನಕಿಯ ಚಿಕ್ಕಮ್ಮ