ನಿಮ್ಮ ಪಾಲಿನ ಖರ್ಜೂರ

ನೆಫ್ತಾ, ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಲಜ್ಹರ್ ಅವರಿಗೆ ನಿಮ್ಮ ಜೊಹ್ರಾಳ ಸಲಾಂ.

ಮೈಕೈ ಹೇಗಿದೆ? ಮಿಸ್ರಾತಾದ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ನಿಂತು ಕಾಲು ಊದುತ್ತಿತ್ತಲ್ಲ, ಕಡಿಮೆಯಾಯಿತೇ? ಇಲ್ಲಿ ತೋಟಗಳಲ್ಲಿ ಖರ್ಜೂರದ ಗೊನೆ ಇಳಿಸುತ್ತಿದ್ದಾರೆ. ಊರಿಗೆಲ್ಲ ಹಣ್ಣಿನ ವಾಸನೆ, ನಮ್ಮ ಮನೆಗೆ ಮಾತ್ರ ಆಸ್ಪತ್ರೆಯ ಯೋಚನೆ.

ನಿಮ್ಮ ಅಮ್ಮ ವಾರಕ್ಕೆ ಮೂರು ದಿನ ತಪ್ಪದೆ ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ. ಹೋದ ತಿಂಗಳ ರಕ್ತದ ವರದಿಯಲ್ಲಿ ಹಿಮೋಗ್ಲೋಬಿನ್ ಹಿಡಿತದಲ್ಲಿತ್ತು, ಯೂರಿಯಾ ಮಿತಿಯಲ್ಲಿತ್ತು, ಪೊಟ್ಯಾಸಿಯಂ ಒಂದೇ ಅತಿಯಲ್ಲಿತ್ತು. ಹೀಗೇ ಏರಿದರೆ ಹೃದಯ ಹೇಳದೆ ಕೇಳದೆ ನಿಂತುಬಿಡಬಹುದು ಎಂದ ಡಾಕ್ಟರು, ಖರ್ಜೂರ ಕೊಟ್ಟೆಯಾ ಎನ್ನುವಂತೆ ನನ್ನನ್ನೇ ನೋಡಿದರು. ನರ್ಸ್ ರಾದಿಯಾ ಬೇರೆ, "ಏನ್ ಸೊಸೆಮ್ಮಾ, ಅತ್ತೇನ ಸಿಹಿ ತಿನ್ಸೇ ಕಳ್ಸೋ ಯೋಚನೇನಾ?" ಎಂದಳು. ಅತ್ತೆ ಮಲಗಿದ್ದಲ್ಲಿಂದಲೇ, "ನನ್ನ ಪಾಲಿಂದು ಒಂದೂ ಮುಟ್ಟಿಲ್ಲ, ಅಲ್ಲಾನಾಣೆ" ಎಂದರು. ಅವರು ಸುಳ್ಳು ಆಣೆ ಇಡುವವರಲ್ಲ ಎಂದು ನಿಮಗೆ ಗೊತ್ತು. ಖರ್ಜೂರದ ಜಾಡಿಗೆ ಬೀಗ ಹಾಕಿದೆ. ಆಲೂಗಡ್ಡೆಯ ಪೊಟ್ಯಾಸಿಯಂ ಇಳಿಯಲೆಂದು ನೀರು ಬದಲಿಸಿ ಬದಲಿಸಿ ಬೇಯಿಸಿದೆ. ಸಾರು ಸಪ್ಪೆಯಾಯಿತು, ಪೊಟ್ಯಾಸಿಯಂ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ.

ನಿಮ್ಮ ತಟ್ಟೆ ಮಾತ್ರ ನನಗೆ ಹೊಳೆದಿರಲಿಲ್ಲ. ನೀವು ಹೋದಾಗಿನಿಂದ ರಾತ್ರಿಯೂಟಕ್ಕೆ ಅದನ್ನು ಇಡುವವಳು ನಾನೇ: ಒಂದು ಹಿಡಿ ಖರ್ಜೂರ, ಒಂದು ಲೋಟ ಮಜ್ಜಿಗೆ. ಬೆಳಿಗ್ಗೆ ಖಾಲಿಯಾಗಿರುತ್ತಿತ್ತು, ಅತ್ತೆ ಮೇಕೆಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಹೋದ ವಾರ ಬೆಳಗಿನ ನಮಾಜಿಗೆ ಎದ್ದು ನೋಡಿದರೆ, ಕಿಟಕಿಯ ಬಳಿ ಕೂತು ಮೆಲ್ಲಗೆ ಅಗಿಯುತ್ತಿದ್ದಾರೆ. ನನ್ನನ್ನು ಕಂಡು ಬೆಚ್ಚಲೂ ಇಲ್ಲ. "ದೂರ ಇರೋನ ಪಾಲು ಮೇಕೆಗೆ ಹಾಕ್ತಾರೇನೇ? ಮನೆಯವ್ರೇ ತಿನ್ಬೇಕು, ಇಲ್ದಿದ್ರೆ ಅವನ ದಾರಿ ಉದ್ದ ಆಗುತ್ತೆ. ಇದು ನಾನು ತಿಂದಿದ್ದಲ್ಲ, ಅವನ ಬದಲು ತಿಂದಿದ್ದು." ರಕ್ತಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದೆ. "ರಕ್ತ ನಂದು, ಮಗ ನನ್ನೋನು, ನಿಂಗೇನು?" ಎಂದರು.

ಅಮ್ಮ ಆಶೀರ್ವಾದ ಕಳಿಸಿದ್ದಾರೆ. ಮೇಕೆ ಏನೂ ಕಳಿಸಿಲ್ಲ.

ನಿಮ್ಮ ದಾರಿ ನೋಡುವ,
ಜೊಹ್ರಾ

ಮರೆತಿದ್ದೆ: ತಟ್ಟೆ ಇಡುವುದನ್ನು ನಿಲ್ಲಿಸಲು ನನಗೂ ಮನಸ್ಸು ಬರಲಿಲ್ಲ. ಈಗ ಅತ್ತೆಗಿಂತ ಮೊದಲೇ ಎದ್ದು ನಾನೇ ತಿಂದುಬಿಡುತ್ತೇನೆ. ನಿನ್ನೆಯ ವರದಿಯಲ್ಲಿ ಪೊಟ್ಯಾಸಿಯಂ ಇಳಿದಿದೆ. ನಾನು ತಿನ್ನುವುದನ್ನು ಕಂಡು ಅತ್ತೆ ರೇಗಲಿಲ್ಲ, "ಅವನು ಬರ್ಲಿ ಅಂತ ನಿಂಗೂ ಅಷ್ಟೊಂದು ಅನ್ನಿಸ್ತಿತ್ತಾ, ಹೇಳ್ಬಾರ್ದಾ" ಅಂದರು ಅಷ್ಟೇ. ನನ್ನ ರಕ್ತವನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ, ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಬನ್ನಿ, ನಿಮ್ಮ ಪಾಲು ನೀವೇ ತಿನ್ನಿ.