ಮುತ್ತಿ ನಮ್ಮ ಮನೆಯಲ್ಲಿದ್ದ ದಿನಗಳು

ಆಗಸ್ಟ್ 11, ಸೋಮವಾರ

ಅಂಗನವಾಡಿಯಲ್ಲಿ ಇಂದು ಮಕ್ಕಳ ತೂಕ. ಮೊಟ್ಟೆ ಬೇಯಿಸಿ ಕೊಟ್ಟು, ಫೋಟೊ ಅಪ್‌ಲೋಡ್ ಮಾಡಿ ಮನೆಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಸೊಪ್ಪು ಒಣಗಿಸುವ ಬ್ಯಾರನ್ ಗೂಡಿನ ಮುಂದೆ ಹೊಗೆಸೊಪ್ಪಿನ ರಾಶಿ. ಅದರ ಪಕ್ಕ ಒಂದು ಹುಡುಗಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದೆ. ಹತ್ತು ಹನ್ನೊಂದು ವರ್ಷ ಇರಬಹುದು. ಹೆಸರು ಮುತ್ತಿ. ಕಾಕನಕೋಟೆ ಕಾಡಿನ ಕಡೆಯ ಗಿರಿಜನರ ಹಾಡಿಯಿಂದ ಅತ್ತೆ ಕರೆತಂದಿದ್ದಾರೆ.

"ಸೊಪ್ಪು ಮುಗಿಯೋಗಂಟ ಇರ್ಲಿ ಬುಡು. ಅಲ್ಲಿದ್ರೆ ಅಸ್ಕಂಡಿರ್ತದೆ," ಎಂದರು.

ನಾನು ಒಳಗೆ ಹೋಗಿ ಗೋಡೆಗೆ ಒರಗಿದೆ. ಸುಸ್ತು.

ಆಗಸ್ಟ್ 14

ಮುತ್ತಿಗೆ ವಾಂತಿ. ಸೋನೆಗೆ ನೆಂದ ಸೊಪ್ಪು ಮುಟ್ಟಿದರೆ ದೊಡ್ಡವರಿಗೇ ತಲೆ ತಿರುಗುತ್ತದೆ. ಕೈಯೆಲ್ಲ ಕಪ್ಪು ಅಂಟು. ಸೀಗೆಪುಡಿ ಹಾಕಿ ತಿಕ್ಕಿದೆ, ಹೋಗಲಿಲ್ಲ.

"ಇಸ್ಕೂಲಿಗೆ ಹೋಗ್ತಿದ್ಯೇನವ್ವ?"

"ಓಯ್ತಿದ್ದೆ ಅಕ್ಕ. ಐದ್ನೇ ಕ್ಲಾಸು."

ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ, ಮಗುವನ್ನು ವಾಪಸ್ ಬಿಟ್ಟು ಬನ್ನಿ ಅಂತ.

"ಈಗ ಆಳೆಲ್ಲಿ ಸಿಕ್ತಾರೆ? ಒಂದ್ವಾರ ತಡಿ."

ಆಗಸ್ಟ್ 25

ವಾರ ಯಾವಾಗಲೋ ಕಳೆಯಿತು. ಮತ್ತೆ ಹೇಳಿದೆ. "ನಿನ್ ಟೀಚರ್‌ಗಿರಿ ಅಂಗನವಾಡೀಲೇ ಇಟ್ಕೊ," ಎಂದರು. ಮುತ್ತಿ ಇಂದು ರಾಶಿಯ ಮೇಲೇ ಒರಗಿ ಬಿದ್ದಿದ್ದಳು. ಅತ್ತೆ ಎಬ್ಬಿಸಿ, ಬೆನ್ನು ಸವರಿ ಮಜ್ಜಿಗೆ ಕುಡಿಸಿದರು. ಮತ್ತೆ ಅಲ್ಲೇ ಕೂರಿಸಿದರು.

ಅತ್ತೆ ಕೆಟ್ಟವರಲ್ಲ. ಅದೇ ಕಷ್ಟ.

ಆಗಸ್ಟ್ 26, ಮಧ್ಯಾಹ್ನ

ಅಂಗನವಾಡಿಯಲ್ಲಿ ಮಕ್ಕಳು ಮಲಗಿದ್ದರು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಊರು ಹೇಳಿದೆ. ಮುತ್ತಿಯ ಹೆಸರು ಹೇಳಿದೆ.

"ಕೆಲಸಕ್ಕೆ ಇಟ್ಕೊಂಡಿರೋ ಯಜಮಾನರ ಹೆಸರು ಹೇಳಿ ಮೇಡಂ."

ಮದುವೆಯಾದಾಗಿನಿಂದ ಅವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ನಮ್ಮ ಕಡೆ ಹೆಂಗಸರು ಹೇಳುವುದೂ ಇಲ್ಲ. ಆ ಕಡೆಯಿಂದ ಹಲೋ, ಹಲೋ...

"ಮಹೇಂದ್ರ," ಎಂದೆ.

ಆಮೇಲೆ ಫೋನ್ ಕೆಳಗಿಟ್ಟೆ. ಚಾಪೆಯ ತುದಿಯಲ್ಲಿ ಮಕ್ಕಳ ಪಕ್ಕ ಮಲಗಿಬಿಟ್ಟೆ.

ಆಗಸ್ಟ್ 28

ಜೀಪು ಬಂತು. ಲೇಬರ್ ಇನ್‌ಸ್ಪೆಕ್ಟರ್, ಮಕ್ಕಳ ರಕ್ಷಣಾ ಘಟಕದ ಮೇಡಂ, ಒಬ್ಬ ಪೊಲೀಸ್. ಮುತ್ತಿ ಅತ್ತೆಯ ಸೆರಗು ಹಿಡಿದು ಅತ್ತಳು. ಬಿಡಿಸಿ ಕರೆದೊಯ್ದರು. ಮನೆಯವರ ಮೇಲೆ ಕೇಸು.

ಸೆಪ್ಟೆಂಬರ್ 3

ಫೋನ್ ಮಾಡಿದ್ದು ಪಕ್ಕದ ಹೊಲದ ಚಿಕ್ಕಣ್ಣನೇ ಅಂತ ಮನೆಯವರಿಗೆ ಗುಮಾನಿ. ಬೇಲಿ ಜಗಳ ಹಳೆಯದು. ಇಂದು ದೊಣ್ಣೆ ಹಿಡಿದು ಅವರ ಮನೆಗೇ ಹೊರಟರು. ಬಾಗಿಲಲ್ಲಿ ತಡೆದೆ.

"ಅವ್ರಲ್ಲ ಕಣ್ರೀ. ಫೋನ್ ಮಾಡಿದ್ದು ನಾನು."

ಅವರ ಕೈಯ ದೊಣ್ಣೆ ಕೆಳಗಿಳಿಯಿತು. "ನಂಗೊಂದ್ ಮಾತು ಹೇಳಿದ್ರೆ ನಾನೇ ಬುಟ್ಟು ಬರ್ತಿರ್ನಿಲ್ವಾ?"

"ಎರಡು ಸಲ ಹೇಳಿದ್ದೆ."

ದೊಣ್ಣೆ ಅಲ್ಲೇ ಹಾಕಿ, ಬೈಕ್ ಹತ್ತಿ ಹೋದರು. ಒಳಗಿನಿಂದ ಅತ್ತೆಗೂ ಕೇಳಿಸಿತ್ತು. ಈಗ ತಾವೇ ಬೇರೆ ಒಲೆ ಹಚ್ಚಿದ್ದಾರೆ.

ಸೆಪ್ಟೆಂಬರ್ 21, ಭಾನುವಾರ

ಮನೆಯವರು ಮಾತಾಡುತ್ತಾರೆ. ನೀರು, ಉಪ್ಪು — ಅಷ್ಟೇ. ಅತ್ತೆಯದು ಅದೂ ಇಲ್ಲ.

ಮುತ್ತಿಯನ್ನು ಅಂತರಸಂತೆ ಹತ್ತಿರದ ಊಟ-ವಸತಿಯ ಆಶ್ರಮ ಶಾಲೆಗೆ ಸೇರಿಸಿದ್ದಾರೆ. ಅವಳ ಲಂಗಗಳು ನಮ್ಮಲ್ಲೇ ಉಳಿದಿದ್ದವು. ಕೊಟ್ಟು ಬರೋಣ ಅಂತ ಬಸ್ಸು ಹತ್ತಿದೆ. ಅವಳ ಅವ್ವ ಶೋಭಾ ಕೂಡ ಬಂದಿದ್ದಳು. ಫೋನಿನ ಸುದ್ದಿ ಅವಳಿಗೂ ಮುಟ್ಟಿರಬೇಕು, ನನ್ನ ಮುಖ ನೋಡಲಿಲ್ಲ.

"ಕಳಿಸ್ದೋಳು ನಾನು. ಕೇಳೋದಿದ್ರೆ ನನ್ನ ಕೇಳ್ಬೇಕಿತ್ತು. ಮಗೀನ ಯಾಕೆ ಜೀಪಿಗೆ ಹತ್ತಿಸಿದ್ರಿ?"

ಲಂಗದ ಗಂಟು ಬಿಚ್ಚಿ ಮುತ್ತಿಯ ಕೈಗೆ ಕೊಟ್ಟೆ.

ಮುತ್ತಿಯ ಕೆನ್ನೆ ಸ್ವಲ್ಪ ತುಂಬಿದೆ. ಲಂಗಗಳನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡಿದಳು.

"ನಾನು ಚೆಂದಾಗಿ ಸೊಪ್ಪು ಕಟ್ನಿಲ್ಲ ಅಂತ ಕಳಿಸ್ಬುಟ್ರಾ ಅಕ್ಕ?"

"ಇಲ್ಲ ಕಣವ್ವ," ಎಂದೆ. "ನೀನೇನೂ ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ನಾವು."